ಮೂರನೆಯ ಮಹಡಿಯ ಎಡಕ್ಕೆ ಎರಡು ಓರೆಗೀಟು

ಚೆನ್ನೈನ ಅಣ್ಣಾ ನಗರದಲ್ಲಿರುವ ತುಂಗಾ ಎನ್‌ಕ್ಲೇವ್ ಎಂಬ ವಸತಿ ಕಟ್ಟಡದಲ್ಲಿ ಮೂರನೆಯ ಮಹಡಿ ಇದೆ. ಈ ಸಂಗತಿಯನ್ನು ನಿವಾಸಿಗಳ ಸಂಘವು ಎಂದೂ ನಿರಾಕರಿಸಿಲ್ಲ. ಅದು ಎರಡನೆಯ ಮಹಡಿಯ ಮೇಲೆ, ನಾಲ್ಕನೆಯ ಮಹಡಿಯ ಕೆಳಗೆ, ಕಟ್ಟಡ ಕಟ್ಟಿದ ದಿನ ಎಲ್ಲಿತ್ತೋ ಅಲ್ಲಿಯೇ ಇದೆ. ಲಿಫ್ಟ್ ಅಲ್ಲಿ ನಿಲ್ಲುವುದಿಲ್ಲ, ಅಷ್ಟೆ.

ಇದು ಲಿಫ್ಟಿನ ದೋಷವಲ್ಲ. ಲಿಫ್ಟ್ ತನಗೆ ಹೇಳಿದ್ದನ್ನು ಮಾಡುತ್ತದೆ. ಆ ಕಟ್ಟಡದಲ್ಲಿ ಹಾಗೆ ಮಾಡುವುದು ಅದೊಂದೇ. ತಾರಸಿಯ ಮೇಲಿನ ಕೋಣೆಯೊಂದರಲ್ಲಿ ಸಣ್ಣ ಕಂಪ್ಯೂಟರ್ ಇದ್ದು, ಅದರೊಳಗಿನ ಪ್ರೋಗ್ರಾಮಿನಲ್ಲಿ ಪ್ರತಿ ಮಹಡಿಗೆ ಒಂದೊಂದು ಸಾಲು ಮೀಸಲಾಗಿದೆ. ಜೂನ್ ನಾಲ್ಕರಂದು ಮೂರನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಮುಚ್ಚಿ ತೆರೆದು, ತೆರೆದು ಮುಚ್ಚಿ ತೊಂದರೆ ಕೊಟ್ಟಿತು. ಪ್ರೋಗ್ರಾಮ್ ಬರೆದಿದ್ದ ನಿಶಾಂತ್ ಎಂಬ ತರುಣ ಬಂದು, ಬಾಗಿಲು ರಿಪೇರಿಯಾಗುವವರೆಗೆ ಲಿಫ್ಟ್ ಅಲ್ಲಿ ನಿಲ್ಲದಿರಲೆಂದು, ಆ ಮಹಡಿಯ ಸಾಲಿನ ಎಡಕ್ಕೆ ಎರಡು ಓರೆಗೀಟುಗಳನ್ನು ಹಾಕಿದ. ಸಾಲು ಹೀಗಾಯಿತು:

// ನಿಲ್ಲು(3);

ಮಧ್ಯಾಹ್ನ ಮೂರು ಗಂಟೆಗೆ ಬಾಗಿಲು ಸರಿಯಾಯಿತು. ನಾಲ್ಕು ಗಂಟೆಗೆ ನಿಶಾಂತ್‌ಗೆ ಬೇರೆ ಕಂಪನಿಯಿಂದ ನೇಮಕದ ಪತ್ರ ಬಂತು. ಆ ನಡುವಿನ ಒಂದು ಗಂಟೆಯಲ್ಲಿ ಆತ ಕಾಫಿ ಕುಡಿದನೆಂದು ತಿಳಿದುಬಂದಿದೆ.

ಆ ಭಾಷೆಯ ನಿಯಮದಂತೆ, ಒಂದು ಸಾಲಿನ ಆರಂಭದಲ್ಲಿ ಎರಡು ಓರೆಗೀಟುಗಳು ಜೊತೆಯಾಗಿ ನಿಂತರೆ, ಅಲ್ಲಿಂದ ಸಾಲಿನ ಕೊನೆಯವರೆಗೆ ಇರುವುದನ್ನು ಯಂತ್ರ ಓದುವುದಿಲ್ಲ. ಇದು ಮನುಷ್ಯರಿಗಾಗಿ ಬರೆದದ್ದು ಎಂದು ತಿಳಿದು ಮುಂದಿನ ಸಾಲಿಗೆ ಹೋಗುತ್ತದೆ. ಪ್ರೋಗ್ರಾಮ್ ಬರೆಯುವವರು ಈ ಸೌಕರ್ಯವನ್ನು ತಮ್ಮ ನಂತರ ಬರುವವರಿಗೆ ಒಂದು ಮಾತು ಹೇಳಲು ಬಳಸುತ್ತಾರೆ. ಅಳಿಸಲು ಧೈರ್ಯ ಸಾಲದ ಸಾಲುಗಳನ್ನು ಅಳಿಸದೆಯೇ ಸುಮ್ಮನಾಗಿಸಲೂ ಬಳಸುತ್ತಾರೆ. ಎರಡನೆಯ ಬಳಕೆಯೇ ಹೆಚ್ಚು.

ಮೂರನೆಯ ಮಹಡಿಯಲ್ಲಿ ಮಹಾಲಿಂಗಪ್ಪ ಎಂಬ ಎಪ್ಪತ್ತೆಂಟು ವರ್ಷದ ಹಿರಿಯರು ವಾಸವಾಗಿದ್ದರು. ಪುರಸೈವಾಕ್ಕಂನಲ್ಲಿ ಅವರದು ಪಾತ್ರೆ ಅಂಗಡಿ. ಕೊಡವನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ಅದರ ದಪ್ಪ ಹೇಳಬಲ್ಲ ಇನ್ನೊಬ್ಬರು ಆ ಬೀದಿಯಲ್ಲಿರಲಿಲ್ಲ. ಮೇ ತಿಂಗಳಲ್ಲಿ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅವರು, ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಜೂನ್ ಮೂರರಂದು ಗಾಲಿಕುರ್ಚಿಯಲ್ಲಿ, ಲಿಫ್ಟ್ ಏರಿ, ಮನೆ ಸೇರಿದರು. ಅವರ ಪಾಲಿಗೆ ಲಿಫ್ಟ್ ಅಲ್ಲಿ ನಿಂತದ್ದು ಅದೇ ಕೊನೆ.

ಅಡ್ಯಾರ್‌ನ ವೈದ್ಯೆ ಸ್ಪಷ್ಟವಾಗಿ ಹೇಳಿದ್ದರು: ವಾರಕ್ಕೆ ಮೂರು ದಿನ ತಮ್ಮ ಚಿಕಿತ್ಸಾಲಯಕ್ಕೆ ಬಂದು, ಅಲ್ಲಿ ನೆಲಕ್ಕೆ ಹೂತ ಕಂಬಿಗಳನ್ನು ಹಿಡಿದು ಹೆಜ್ಜೆ ಹಾಕುವುದನ್ನು ಕಲಿಯಬೇಕು; ಮೂರು ತಿಂಗಳೊಳಗೆ ಕಲಿತರೆ ನಡೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ಮೊದಲ ಭೇಟಿ ಜೂನ್ ಆರಕ್ಕೆ ನಿಗದಿಯಾಗಿತ್ತು. ಅಂದು ಬೆಳಿಗ್ಗೆ ಅವರ ಹೆಂಡತಿ ಶಿವಗಂಗಮ್ಮ ಲಿಫ್ಟಿನ ಗುಂಡಿಯನ್ನು ಹದಿನೇಳು ಬಾರಿ ಒತ್ತಿದರು. ಲಿಫ್ಟ್ ಅವರ ಮುಂದೆಯೇ ಮೇಲೆ ಹೋಯಿತು. ಅವರ ಮುಂದೆಯೇ ಕೆಳಗೆ ಬಂತು.

ಶಿವಗಂಗಮ್ಮ ಸಂಘದ ಕಾರ್ಯದರ್ಶಿ ವಿಷ್ಣುತೀರ್ಥರನ್ನು ಕಾಣಲು ಮೆಟ್ಟಿಲು ಹತ್ತಿ ನಾಲ್ಕನೆಯ ಮಹಡಿಗೆ ಹೋದರು. ವಿಷ್ಣುತೀರ್ಥರು ಮೂವತ್ತೆಂಟು ವರ್ಷ ಕಚೇರಿಯೊಂದರಲ್ಲಿ ಕಡತಗಳನ್ನು ಮುಂದಿನ ಮೇಜಿಗೆ ಕಳುಹಿಸಿ ನಿವೃತ್ತರಾದವರು. ನಿವೃತ್ತಿಯ ನಂತರ ಮುಂದಿನ ಮೇಜು ಇಲ್ಲದ ಕಾರಣ ಕಡತಗಳು ಅವರಲ್ಲಿಯೇ ಉಳಿಯುತ್ತಿದ್ದವು.

“ಏನು ಸೆಕ್ರೆಟರಿಗಳೇ, ಲಿಫ್ಟು ಎರಡರಲ್ಲಿ ನಿಲ್ಲುತ್ತೆ, ನಾಲ್ಕರಲ್ಲಿ ನಿಲ್ಲುತ್ತೆ. ನಾವೇನು ಗಾಳಿಯಲ್ಲಿ ಮನೆ ಕಟ್ಕೊಂಡಿದ್ದೀವಾ?”

“ಕೂತುಕೊಳ್ಳಿ ಅಮ್ಮಾ. ನಿಮ್ಮ ಮಹಡಿಯನ್ನು ಯಾರೂ ತೆಗೆದಿಲ್ಲ.” ವಿಷ್ಣುತೀರ್ಥರು ಪ್ರೋಗ್ರಾಮಿನ ಮುದ್ರಿತ ಪ್ರತಿಯನ್ನು ತಂದು, ಆ ಸಾಲಿನ ಕೆಳಗೆ ಬೆರಳಿಟ್ಟರು. “ನೋಡಿ. ಇಲ್ಲೇ ಇದೆ. ಅಕ್ಷರ ಅಳಿದಿಲ್ಲ, ಅಂಕಿ ಅಳಿದಿಲ್ಲ. ಎಡಗಡೆ ಎರಡು ಗೀಟು ಸೇರಿದೆ. ಕಳೆದದ್ದು ಏನೂ ಇಲ್ಲ, ಕೂಡಿದೆ.”

“ಹಾಗಾದರೆ ನಿಲ್ಲಿಸಿ.”

“ನಿಲ್ಲು ಅಂತಲೇ ಬರೆದಿದೆಯಲ್ಲಮ್ಮಾ! ಯಂತ್ರ ಓದುವುದಿಲ್ಲ, ಅದು ಬೇರೆ ವಿಷಯ.”

ಶಿವಗಂಗಮ್ಮನ ಜೊತೆಗೆ ಮೊಮ್ಮಗಳು ಸೌಂದರ್ಯಾ ಹೋಗಿದ್ದಳು. ಎಂಜಿನಿಯರಿಂಗ್ ಕಾಲೇಜಿನ ಮೂರನೆಯ ವರ್ಷದಲ್ಲಿದ್ದ ಅವಳು ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರಿಸುವ ಹುಡುಗಿ. “ಅಂಕಲ್, ಅಂದ ರೆಂಡು ಸ್ಲ್ಯಾಷ್ ಎಡುತ್ತಾ ಪೋದುಂ,” ಎಂದಳು. ಎರಡು ಗೀಟು ತೆಗೆದರೆ ಸಾಕು. ಪಾಸ್‌ವರ್ಡ್ ಕೊಟ್ಟರೆ, ಎರಡು ಸಲ ಒತ್ತಿದರೆ ಆಯ್ತು. ಎರಡು ಸೆಕೆಂಡ್.

ವಿಷ್ಣುತೀರ್ಥರು ಕನ್ನಡಕ ತೆಗೆದು ಅವಳನ್ನು ನೋಡಿದರು.

“ಮಗೂ, ಎರಡು ಸೆಕೆಂಡಿನಲ್ಲಿ ಆಗುವ ಕೆಲಸವನ್ನು ಸಂಘ ಇದುವರೆಗೆ ಮಾಡಿಲ್ಲ.”

ಅವರು ವಿಧಾನವನ್ನು ವಿವರಿಸಿದರು. ಹಾಕಿದ ಗೀಟನ್ನು ತೆಗೆಯುವುದು ತಿದ್ದುಪಡಿ. ತಿದ್ದುಪಡಿಗೆ ಮಹಾಸಭೆಯ ಒಪ್ಪಿಗೆ ಬೇಕು. ಮಹಾಸಭೆಗೆ ವಿಷಯವನ್ನು ತರಲು ಸದಸ್ಯರ ಅರ್ಜಿ ಬೇಕು. ಸಂಘವು ಮೊದಲಿಗೆ ಲಿಫ್ಟ್ ನೋಡಿಕೊಳ್ಳಲೆಂದು ಹುಟ್ಟಿದ್ದರಿಂದ, ಎರಡನೆಯ ನಿಯಮದಂತೆ, ಲಿಫ್ಟ್ ನಿಲ್ಲುವ ಮಹಡಿಯಲ್ಲಿ ಮನೆ ಉಳ್ಳವರು ಮಾತ್ರ ಸದಸ್ಯರು.

“ಅಂದರೆ ಅರ್ಜಿ ಕೊಡೋಕೆ ಲಿಫ್ಟ್ ನಿಲ್ಲಬೇಕು,” ಎಂದರು ಶಿವಗಂಗಮ್ಮ.

“ಹೌದು.”

“ಲಿಫ್ಟ್ ನಿಲ್ಲೋಕೆ ಅರ್ಜಿ ಕೊಡಬೇಕು.”

“ಬಹಳ ಬೇಗ ಅರ್ಥಮಾಡಿಕೊಂಡಿರಿ. ಕೆಲವರಿಗೆ ಎರಡು ಮೂರು ಸಭೆ ಬೇಕಾಗುತ್ತದೆ.”

ಹಾಗಾದರೆ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಅಂಗಡಿಯ ಆಳುಗಳಿಂದ ಮೆಟ್ಟಿಲಲ್ಲಿ ಹೊರಿಸಿಕೊಂಡು ಹೋಗುತ್ತೇವೆ ಎಂದರು ಶಿವಗಂಗಮ್ಮ. ಅದಕ್ಕೆ ಇಪ್ಪತ್ತೇಳನೆಯ ನಿಯಮ ಅಡ್ಡಬಂತು. ಗೋಡೆಯ ಬಣ್ಣ ಕೆಡುವುದರಿಂದ ಮೆಟ್ಟಿಲುಗಳಲ್ಲಿ ಪೀಠೋಪಕರಣ ಸಾಗಿಸುವಂತಿಲ್ಲ. ಕುರ್ಚಿಯಲ್ಲಿ ಮನುಷ್ಯ ಕುಳಿತಿರುತ್ತಾನೆ ಎಂದು ಅವರು ವಾದಿಸಿದಾಗ, ನಿಯಮವು ಖಾಲಿ ಪೀಠೋಪಕರಣ, ತುಂಬಿದ ಪೀಠೋಪಕರಣ ಎಂಬ ಭೇದವನ್ನು ಮಾಡಿಲ್ಲವೆಂದು ವಿಷ್ಣುತೀರ್ಥರು ತೋರಿಸಿಕೊಟ್ಟರು. ಆಂಬುಲೆನ್ಸಿನ ಸ್ಟ್ರೆಚರ್‌ಗೆ ವಿನಾಯಿತಿ ಇತ್ತು. ಆದರೆ ಅದಕ್ಕೆ ಮಹಾಲಿಂಗಪ್ಪನವರು ಈಗಿರುವುದಕ್ಕಿಂತ ಹೆಚ್ಚು ಕಾಯಿಲೆ ಬೀಳಬೇಕಾಗಿತ್ತು.

“ಬೀಳಲಿಕ್ಕೆ ಏನೂ ಅಭ್ಯಂತರವಿಲ್ಲ, ಬೀಳೋಕೆ ಮೊದಲು ಎದ್ದು ನಿಲ್ಲಬೇಕಲ್ಲಾ,” ಎಂದು ಮಹಾಲಿಂಗಪ್ಪ ಮಂಚದ ಮೇಲಿಂದ ಹೇಳಿ ಕಳುಹಿಸಿದರು. ಈ ಹೇಳಿಕೆಯನ್ನು ಕಡತಕ್ಕೆ ಸೇರಿಸಲಾಯಿತು.

ವಾರಕ್ಕೊಮ್ಮೆ ಒಬ್ಬ ಚಿಕಿತ್ಸಕ ಮನೆಗೆ ಬಂದು, ಮಂಚದ ಮೇಲೆಯೇ ಅವರ ಕಾಲುಗಳನ್ನು ಮಡಿಸಿ ಚಾಚಿ ಹೋಗುತ್ತಿದ್ದ. ಇದು ನಡಿಗೆಯಲ್ಲ, ನಡಿಗೆಯ ನೆನಪು ಮಾತ್ರ ಎಂದು ಅವನೇ ಹೇಳುತ್ತಿದ್ದ.

ಇಷ್ಟರಲ್ಲಿ ಒಂದು ಸತ್ಯಾಂಶ ಬೆಳಕಿಗೆ ಬಂತು. ಮೂರನೆಯ ಮಹಡಿಯನ್ನು ಬಿಟ್ಟು ಸಾಗುವುದರಿಂದ ಲಿಫ್ಟ್ ನಾಲ್ಕನೆಯ ಮಹಡಿಯನ್ನು ಹನ್ನೊಂದು ಸೆಕೆಂಡು ಮೊದಲೇ ತಲುಪುತ್ತಿತ್ತು. ಇದನ್ನು ಗಡಿಯಾರ ಹಿಡಿದು ಅಳೆದವರು ನಾಲ್ಕನೆಯ ಮಹಡಿಯವರು. ದಿನಕ್ಕೆ ನಾಲ್ಕು ಬಾರಿ ಓಡಾಡುವ ಒಬ್ಬ ನಿವಾಸಿ ವರ್ಷಕ್ಕೆ ನಾಲ್ಕೂವರೆ ಗಂಟೆಯನ್ನು ಉಳಿಸುತ್ತಾನೆಂದು ವಿಷ್ಣುತೀರ್ಥರು ಲೆಕ್ಕ ಹಾಕಿದರು. ಆ ನಾಲ್ಕೂವರೆ ಗಂಟೆಯಲ್ಲಿ ಏನು ಮಾಡಬೇಕೆಂಬುದನ್ನು ತೀರ್ಮಾನಿಸಲು ನಾಲ್ಕನೆಯ ಮಹಡಿಯವರು ಎರಡು ದಿನ ಸಭೆ ಸೇರಿದರು.

ಆ ಸಭೆಯ ಫಲವಾಗಿ, ಜುಲೈ ಒಂದರಂದು ಸೂಚನಾ ಫಲಕದಲ್ಲಿ ಈ ಪ್ರಕಟಣೆ ಕಾಣಿಸಿಕೊಂಡಿತು.

“ಎಲ್ಲ ನಿವಾಸಿಗಳ ಗಮನಕ್ಕೆ. ಲಿಫ್ಟಿನ ಪ್ರೋಗ್ರಾಮಿನಲ್ಲಿ ಯಶಸ್ವಿಯಾಗಿರುವ ಓರೆಗೀಟಿನ ಪದ್ಧತಿಯನ್ನು ಸಂಘದ ನಿಯಮಾವಳಿಗೂ ವಿಸ್ತರಿಸಲಾಗಿದೆ. ಇನ್ನು ಮುಂದೆ ಯಾವ ನಿಯಮದ ಎಡಕ್ಕೆ ಎರಡು ಓರೆಗೀಟುಗಳಿರುತ್ತವೆಯೋ ಆ ನಿಯಮವು ಓದತಕ್ಕದ್ದು, ಗೌರವಿಸತಕ್ಕದ್ದು, ಆದರೆ ನಡೆಸತಕ್ಕದ್ದಲ್ಲ. ಯಾವ ನಿಯಮವನ್ನೂ ರದ್ದು ಮಾಡಲಾಗಿಲ್ಲ. ಸಂಘವು ತನ್ನ ಪರಂಪರೆಯನ್ನು ಬಿಟ್ಟುಕೊಡುವುದಿಲ್ಲ.”

ಮೊದಲ ಗೀಟುಗಳು ಬಿದ್ದದ್ದು ಕಾರ್ಯದರ್ಶಿಯ ಅವಧಿ ಎರಡು ವರ್ಷ ಎಂಬ ನಿಯಮದ ಎಡಕ್ಕೆ. ಅನಂತರ, ತಾರಸಿಯನ್ನು ಯಾರೂ ಸ್ವಂತಕ್ಕೆ ಬಳಸಬಾರದೆಂಬ ನಿಯಮದ ಎಡಕ್ಕೆ. ಅಂದು ಸಂಜೆಯೊಳಗೇ ವಿಷ್ಣುತೀರ್ಥರ ತುಳಸಿ ಕುಂಡಗಳು, ಹಳೆಯ ಸೋಫಾ, ಹಾಗೂ ಅವರ ಸೊಸೆ ವೃಂದಾಳ ಯೋಗದ ತರಗತಿ ತಾರಸಿಗೆ ಏರಿದವು. ನೀರಿನ ತೊಟ್ಟಿಯನ್ನು ಆರು ತಿಂಗಳಿಗೊಮ್ಮೆ ತೊಳೆಯಬೇಕೆಂಬ ನಿಯಮ, ಅಧ್ಯಕ್ಷರು ಇರಬೇಕೆಂಬ ನಿಯಮ, ಕಾರ್ಯದರ್ಶಿಯು ಅಧ್ಯಕ್ಷರ ಮಾತು ಕೇಳಬೇಕೆಂಬ ನಿಯಮ, ಇವಕ್ಕೂ ಅದೇ ಗೌರವ ಸಂದಿತು. ಹಿಂದೆ ಇಂಥ ನಿಯಮಗಳನ್ನು ಮುರಿಯಬೇಕಾಗುತ್ತಿತ್ತು; ಮುರಿದವರಿಗೆ ಸ್ವಲ್ಪ ಸಂಕೋಚವೂ ಆಗುತ್ತಿತ್ತು. ಈಗ ಸಂಕೋಚದ ಅಗತ್ಯ ಉಳಿಯಲಿಲ್ಲ. ಬಣ್ಣವನ್ನು ರಕ್ಷಿಸುವ ಇಪ್ಪತ್ತೇಳನೆಯ ನಿಯಮಕ್ಕೆ ಮಾತ್ರ ಯಾರೂ ಗೀಟು ಕೇಳಲಿಲ್ಲ. ಬಣ್ಣ ಹೊಸದಾಗಿತ್ತು.

ಶಿವಗಂಗಮ್ಮ ಪ್ರಕಟಣೆಯನ್ನು ಎರಡು ಬಾರಿ ಓದಿದರು. ಮರುದಿನ ಒಂದು ಪಾತ್ರೆ ತುಂಬ ಸಂಡಿಗೆ ಹಿಟ್ಟು ಹೊತ್ತು ತಾರಸಿಗೆ ಹೋಗಿ, ವೃಂದಾಳ ಯೋಗದ ಚಾಪೆಯ ಪಕ್ಕದಲ್ಲಿ ಸೀರೆ ಹರಡಿ ಸಂಡಿಗೆ ಇಟ್ಟರು. ಮಹಡಿಗಳ ನಿವಾಸಿಗಳು ತಾರಸಿಯಲ್ಲಿ ತಿನಿಸು ಒಣಗಿಸಬಾರದೆಂಬ ಹನ್ನೆರಡನೆಯ ನಿಯಮ ಆಗಿನ್ನೂ ಜಾರಿಯಲ್ಲಿತ್ತು. ವಿಷ್ಣುತೀರ್ಥರು ಏದುಸಿರು ಬಿಡುತ್ತ ಬಂದರು.

“ಶಿವಗಂಗಮ್ಮನವರೇ, ಇದೇನು?”

“ಸಂಡಿಗೆ.”

“ಅದು ಕಾಣುತ್ತದೆ. ಹನ್ನೆರಡನೇ ನಿಯಮ ಕಾಣಲಿಲ್ಲವೇ?”

“ಅದು ಮಹಡಿಯವರಿಗೆ ಸ್ವಾಮಿ. ನಮ್ಮ ಮಹಡೀನ ಓದೋದೇ ಇಲ್ಲ ಅಂತ ನೀವೇ ಕಾಗದ ತೋರಿಸಿದಿರಿ. ಲಿಫ್ಟಿಗೆ ಕಾಣದ ಮನೆ ನಿಮ್ಮ ರೂಲಿಗೆ ಹೇಗೆ ಕಾಣುತ್ತೆ?”

ವಿಷ್ಣುತೀರ್ಥರು ಬಹಳ ಹೊತ್ತು ಬಿಸಿಲಿನಲ್ಲಿ ನಿಂತು ಯೋಚಿಸಿದರು. ಮೂವತ್ತೆಂಟು ವರ್ಷದ ಸೇವೆಯಲ್ಲಿ ಅವರು ಅನ್ಯಾಯವನ್ನು ಸಹಿಸಿದ್ದರು, ಅಸಂಗತಿಯನ್ನು ಸಹಿಸಿರಲಿಲ್ಲ. ಮೂರನೆಯ ಮಹಡಿಯ ನಾಲ್ಕೂ ಮನೆಗಳಿಗೆ ಮಹಡಿಗಳ ನಿಯಮಗಳು ಅನ್ವಯಿಸುವುದಿಲ್ಲವೆಂದು ಅಂದೇ ಆದೇಶ ಹೊರಡಿಸಿದರು.

“ಹಾಗಾದರೆ ನಮ್ಮವರನ್ನ ಕುರ್ಚಿಯಲ್ಲಿ ಇಳಿಸಬಹುದು,” ಎಂದರು ಶಿವಗಂಗಮ್ಮ, ತಕ್ಷಣವೇ. ಅವರು ಸಂಡಿಗೆ ಇಟ್ಟದ್ದು ಇದಕ್ಕಾಗಿಯೇ.

“ಇಳಿಸಬಹುದು. ನಿಮ್ಮ ಮನೆ ಬಾಗಿಲಿನಿಂದ ಮೆಟ್ಟಿಲಿನ ಮೇಲ್ತುದಿಯವರೆಗೆ. ಆಮೇಲಿನ ಮೆಟ್ಟಿಲು ಎರಡನೇ ಮಹಡಿಗೆ ಸೇರಿದ್ದು. ಎರಡನೇ ಮಹಡಿ ಪೂರ್ತಿ ಜಾರಿಯಲ್ಲಿದೆ.”

“ಮೇಲಕ್ಕೆ ಹೊತ್ತು, ನಾಲ್ಕರಲ್ಲಿ ಲಿಫ್ಟ್ ಹತ್ತಿಸಿದರೆ?”

“ಮೇಲಿನ ಮೆಟ್ಟಿಲು ನಾಲ್ಕನೇ ಮಹಡಿಗೆ ಸೇರಿದ್ದು. ಅಲ್ಲಿ ನಾನೇ ಇದ್ದೇನೆ.”

ಮಹಾಲಿಂಗಪ್ಪನವರನ್ನು ಅಂದು ಸಂಜೆ ಬಾಗಿಲಿನಿಂದ ಮೆಟ್ಟಿಲಿನ ಮೇಲ್ತುದಿಯವರೆಗೆ, ಹನ್ನೆರಡು ಅಡಿ, ತಳ್ಳಿಕೊಂಡು ಹೋಗಲಾಯಿತು. ಅವರು ಅಲ್ಲಿ ಕುಳಿತು ಕೆಳಗಿನ ಮೆಟ್ಟಿಲುಗಳನ್ನು ನೋಡಿದರು. ಅಂಗಡಿಯಲ್ಲಿ ಆಷಾಢದ ರಿಯಾಯಿತಿ ಮಾರಾಟ ನಡೆಯುತ್ತಿದೆ, ಆಳುಗಳು ಹಗುರ ಮಾಲನ್ನು ದಪ್ಪ ಮಾಲೆಂದು ಕೊಂಡು ತರುತ್ತಿದ್ದಾರೆ, ತಟ್ಟಿ ನೋಡುವವರಿಲ್ಲ ಎಂದರು. “ಇನ್ನೆಷ್ಟು ದಿನ ಇದೆ ಡಾಕ್ಟರಮ್ಮ ಹೇಳಿದ್ದು?” ಎಂದು ಮೊಮ್ಮಗಳನ್ನು ಕೇಳಿದರು. ಸೌಂದರ್ಯಾ ಬೆರಳು ಮಡಿಸಿ ಎಣಿಸಿ, “ಅರವತ್ತಮೂರು, ತಾತಾ,” ಎಂದಳು. ಅಂದು ಈ ಉತ್ತರವನ್ನು ಮಾತ್ರ ಅವಳು ಕನ್ನಡದಲ್ಲಿ ಕೊಟ್ಟಳು.

ಆದರೆ ವಿನಾಯಿತಿಯ ಸುದ್ದಿ ಕಟ್ಟಡದ ತುಂಬ ಹರಡಿತು. ಎರಡನೆಯ ಮಹಡಿಯ ಭೀಮಾಬಾಯಿಯವರು ಎಪ್ಪತ್ತು ವರ್ಷದಿಂದ ಮದ್ರಾಸಿನಲ್ಲಿ ಬೇರೂರಿದ ಮನೆತನದವರು. ಅವರು ಕಾರ್ಯದರ್ಶಿಯ ಬಾಗಿಲಿಗೇ ಬಂದು ಕೇಳಿದರು.

“ಯಾಕಪ್ಪಾ ವಿಷ್ಣು, ಅವರ ಮನೆ ಸಂಡಿಗೆ ಜಾಲಿಯಾಗಿ ಒಣಗುತ್ತೆ, ನಮ್ಮನೆ ಹಪ್ಪಳ ಮಾತ್ರ ರೂಲ್ಸ್ ಓದಿಕೊಂಡು ಒಣಗಬೇಕಾ? ನಮಗೂ ಎರಡು ಗೀಟು ಹಾಕು.”

“ಅತ್ತೇ, ಲಿಫ್ಟ್ ನಿಲ್ಲುವುದಿಲ್ಲ ಆಮೇಲೆ.”

“ಪರವಾಯಿಲ್ಲೆ. ಎರಡು ಮಹಡಿ ತಾನೆ. ಲಿಫ್ಟಿಲ್ಲದಿದ್ದರೆ ಮೊಳಕಾಲು ನೋಯುತ್ತೆ, ಹಪ್ಪಳ ಇಲ್ಲದಿದ್ದರೆ ಮನಸ್ಸು ನೋಯುತ್ತೆ.”

ಮೊದಲನೆಯ ಮಹಡಿಯವರು ಲಿಫ್ಟನ್ನು ಎಂದೂ ಬಳಸಿದವರಲ್ಲ. ಅವರೂ ಅರ್ಜಿ ಸಲ್ಲಿಸಿದರು. ನಾಯಿ ಸಾಕುವ ಆಸೆಯವರು, ರಾತ್ರಿ ಹತ್ತರ ನಂತರ ವೀಣೆ ನುಡಿಸುವವರು, ಕಾರನ್ನು ಅಡ್ಡ ನಿಲ್ಲಿಸುವವರು, ಎಲ್ಲರೂ ಗೀಟಿಗಾಗಿ ಸಾಲುಗಟ್ಟಿದರು. ನಿಯಮದೊಳಗೆ ಇರುವುದು ಕ್ರಮೇಣ ಅವಮಾನವೆನಿಸತೊಡಗಿತು. ಮದುವೆಯ ಮಾತುಕತೆಗೆ ಬಂದ ಒಬ್ಬರು, ನಿಮ್ಮದು ಗೀಟಿನ ಮನೆಯೋ ಬರಿಯ ಮನೆಯೋ ಎಂದು ವಿಚಾರಿಸಿದರೆಂದು ವರದಿಯಾಗಿದೆ.

ಒಂದೊಂದು ಸಾಲಿಗೂ ಎರಡೆರಡು ಗೀಟು ಹಾಕುವುದು ಶ್ರಮದ ಕೆಲಸ. ವಿಷ್ಣುತೀರ್ಥರು ಪುಸ್ತಕ ತೆರೆದು ನೋಡಲಾಗಿ, ಆ ಭಾಷೆಯಲ್ಲಿ ಇದಕ್ಕೊಂದು ಸಗಟು ವ್ಯವಸ್ಥೆಯೂ ಇರುವುದು ಕಂಡಿತು. ಒಂದು ಓರೆಗೀಟು ಹಾಕಿ ಅದರ ಮುಂದೆ ನಕ್ಷತ್ರದ ಗುರುತಿಟ್ಟರೆ ಅಲ್ಲಿಂದ ಯಂತ್ರವು ಓದುವುದನ್ನು ನಿಲ್ಲಿಸುತ್ತದೆ. ನಕ್ಷತ್ರ ಹಾಕಿ ಅದರ ಮುಂದೆ ಗೀಟು ಎಳೆದರೆ ಪುನಃ ಆರಂಭಿಸುತ್ತದೆ. ನಡುವೆ ಎಷ್ಟು ಸಾಲುಗಳಾದರೂ ಇರಬಹುದು. ಆಗಸ್ಟ್ ಇಪ್ಪತ್ತೊಂಬತ್ತರ ಸಂಜೆ ಅವರು ತಾರಸಿಗೆ ಹೋಗಿ, ನಿಶಾಂತ್ ಚೀಟಿಯಲ್ಲಿ ಬರೆದಿಟ್ಟುಹೋಗಿದ್ದ ಪಾಸ್‌ವರ್ಡ್ ಬಳಸಿ, ಮೊದಲನೆಯ ಮಹಡಿಯ ಸಾಲಿನ ಮೇಲೆ ತಮ್ಮ ಕೈಯಾರೆ ತೆರೆಯುವ ಗುರುತನ್ನು ಹಾಕಿದರು.

ಮುಚ್ಚುವ ಗುರುತನ್ನು ಹಾಕಲಿಲ್ಲ. ಮರೆವಿನಿಂದಲ್ಲ. ಯಾವುದೇ ಕಾಮಗಾರಿಯನ್ನು ಆರಂಭಿಸುವ ಅಧಿಕಾರ ಕಾರ್ಯದರ್ಶಿಗಿದೆ, ಮುಕ್ತಾಯಗೊಳಿಸುವ ಅಧಿಕಾರ ಮಹಾಸಭೆಗೆ ಮಾತ್ರ ಇದೆ ಎಂಬ ನಿಯಮವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಮಹಾಸಭೆಯನ್ನು ಮರುದಿನ ಸಂಜೆಗೆ ಕರೆದು, ಗೀಟಿನ ಮಹಡಿಗಳ ಪಟ್ಟಿಯನ್ನು ಫಲಕಕ್ಕೆ ಹಚ್ಚಿ, ಊಟಮಾಡಿ ಮಲಗಿದರು.

ತೆರೆದ ಗುರುತು ಮುಚ್ಚದಿರುವುದನ್ನು ಕಂಡ ಯಂತ್ರವು, ಎಲ್ಲಿಯವರೆಗೆ ಓದಬಾರದೆಂಬುದು ತಿಳಿಯದೆ, ಪ್ರೋಗ್ರಾಮನ್ನೇ ನಡೆಸಲು ಒಪ್ಪಲಿಲ್ಲ. ಮರುದಿನ ಬೆಳಗಾದಾಗ ಲಿಫ್ಟ್ ನಾಲ್ಕನೆಯ ಮಹಡಿಯಲ್ಲಿ, ದೀಪ ಆರಿಸಿಕೊಂಡು, ಬಾಗಿಲು ತೆರೆದುಕೊಂಡು ನಿಂತಿತ್ತು.

ಅದು ಮಹಾಲಿಂಗಪ್ಪನವರಿಗೆ ಮನೆಯಲ್ಲಿ ಎಂಬತ್ತೆಂಟನೆಯ ದಿನ. ಶಿವಗಂಗಮ್ಮ ಫಲಕವನ್ನು ಓದಿದರು. ಮೊದಲನೆಯ, ಎರಡನೆಯ, ಮೂರನೆಯ ಮಹಡಿಗಳು ಗೀಟಿನೊಳಗೆ. ಅಂದರೆ ನೆಲದವರೆಗಿನ ಎಲ್ಲ ಮೆಟ್ಟಿಲುಗಳೂ ಗೀಟಿನೊಳಗೆ. ಅವರು ಅಂಗಡಿಗೆ ಫೋನ್ ಮಾಡಿ ನಾಲ್ವರನ್ನು ಕರೆಸಿದರು. ಕುರ್ಚಿಯನ್ನು ನಾಲ್ಕು ಕಡೆ ಹಿಡಿದು, ಒಂದೇ ಒಂದು ಕಡೆ ಮಾತ್ರ ಗೋಡೆಗೆ ತಾಗಿಸಿ, ಅವರು ಮಹಾಲಿಂಗಪ್ಪನವರನ್ನು ಕೆಳಗೆ ತಂದರು. ಭೀಮಾಬಾಯಿ ಬಾಗಿಲಲ್ಲಿ ನಿಂತು, “ಮೆದುವಾ, ಮೆದುವಾ, ಮನುಷ್ಯರಪ್ಪಾ ಅದು, ಗ್ರೈಂಡರ್ ಅಲ್ಲ,” ಎಂದು ಎಚ್ಚರಿಸಿದರು.

ಅಡ್ಯಾರ್‌ನಲ್ಲಿ ಅವರನ್ನು ಕಂಬಿಗಳ ನಡುವೆ ಎತ್ತಿ ನಿಲ್ಲಿಸಲಾಯಿತು. ಅವರು ಕಂಬಿ ಹಿಡಿದರು. ನಿಂತರು. ಹೆಜ್ಜೆ ಬರಲಿಲ್ಲ. ಎರಡನೆಯ ಬಾರಿಯೂ ಬರಲಿಲ್ಲ. “ಜೂನ್‌ನಲ್ಲಿಯೇ ಬಂದಿದ್ದರೆ...” ಎಂದು ವೈದ್ಯೆ ಆರಂಭಿಸಿ, ಅವರ ಮುಖ ನೋಡಿ, ಔಷಧಿಯ ಚೀಟಿ ಬರೆಯತೊಡಗಿದರು.

ಹಿಂದಿರುಗುವಾಗ ಮಹಾಲಿಂಗಪ್ಪ ಪುರಸೈವಾಕ್ಕಂಗೆ ಹೋಗೋಣ ಎಂದರು. ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತು, ಆಷಾಢದಲ್ಲಿ ಕೊಂಡ ಕೊಡಗಳನ್ನು ಒಂದೊಂದಾಗಿ ತಟ್ಟಿ, ಹನ್ನೊಂದನ್ನು ವಾಪಸು ಕಳುಹಿಸಿದರು. ಸಂಜೆ ಆರು ಗಂಟೆಗೆ ಕಟ್ಟಡದ ಬಾಗಿಲಿಗೆ ಬಂದರು.

ಆ ಹಗಲಿನಲ್ಲಿ ಸಂಘವು ಸುಮ್ಮನೆ ಕುಳಿತಿರಲಿಲ್ಲ. ಓಡದ ಲಿಫ್ಟ್ ಯಾವ ಮಹಡಿಗೂ ಬಂದು ನಿಲ್ಲದ ಕಾರಣ ಸಂಘಕ್ಕೆ ಯಾವ ಸದಸ್ಯರೂ ಉಳಿದಿರಲಿಲ್ಲ. ಸದಸ್ಯರಿಲ್ಲದ್ದರಿಂದ ಮಹಾಸಭೆ ಸೇರುವಂತಿರಲಿಲ್ಲ. ಮಹಾಸಭೆ ಇಲ್ಲದೆ ಗುರುತನ್ನು ಮುಚ್ಚುವಂತಿರಲಿಲ್ಲ. ವಿಷ್ಣುತೀರ್ಥರು, ಹಿಂದಿನವರು ಗೀಟಿಲ್ಲದೆಯೇ ಮರೆತಿದ್ದ ತುರ್ತು ಅಧಿಕಾರದ ನಿಯಮವೊಂದನ್ನು ಹುಡುಕಿ ತೆಗೆದು, ಮೊದಲನೆಯ ಹಾಗೂ ಎರಡನೆಯ ಮಹಡಿಗಳನ್ನು ಕಾಗದದ ಮೇಲೆ ನಿಯಮದೊಳಕ್ಕೆ ಮರಳಿ ಸೇರಿಸಿದರು. ಗೋಡೆಯ ಬಣ್ಣ ಒಂದು ಕಡೆ ಕೆದರಿದ್ದು ಇದಕ್ಕೆ ತಕ್ಷಣದ ಕಾರಣ. ತುರ್ತು ಅಧಿಕಾರವು ಕಾಗದಕ್ಕೆ ಅನ್ವಯಿಸುತ್ತಿತ್ತು, ಯಂತ್ರಕ್ಕೆ ಅನ್ವಯಿಸುತ್ತಿರಲಿಲ್ಲ.

“ಇಳಿಯುವಾಗ ಬಿಟ್ಟಿರಿ, ಹತ್ತುವಾಗ ಬಿಡೋಲ್ಲ ಅಂದರೆ ಹೇಗೆ ಸ್ವಾಮಿ?” ಎಂದರು ಮಹಾಲಿಂಗಪ್ಪ.

“ಇಳಿದದ್ದು ಬೆಳಿಗ್ಗೆ. ಆದೇಶ ಮಧ್ಯಾಹ್ನದ್ದು. ಇಳಿದದ್ದಕ್ಕೆ ನಾವು ಆಕ್ಷೇಪಿಸುವುದಿಲ್ಲ ಮಹಾಲಿಂಗಪ್ಪನವರೇ. ಸಂಘ ಅಷ್ಟು ನಿರ್ದಯವಲ್ಲ.”

ಅವರನ್ನು ಆ ರಾತ್ರಿಯ ಮಟ್ಟಿಗೆ ನೆಲಮಹಡಿಯ ಸಂಘದ ಕಚೇರಿಯಲ್ಲಿ ಮಲಗಿಸಲಾಯಿತು. ಆ ರಾತ್ರಿ ಈಗ ಐದು ತಿಂಗಳಾಗಿದೆ.

ಕಟ್ಟಡದ ಜೀವನ ಹದಕ್ಕೆ ಬಂತು. ಎಲ್ಲರೂ ಮೆಟ್ಟಿಲು ಬಳಸುತ್ತಾರೆ. ನಾಲ್ಕನೆಯ ಮಹಡಿಯವರು ಇದನ್ನು ವ್ಯಾಯಾಮವೆನ್ನುತ್ತಾರೆ. ತೆರೆದು ನಿಂತ ಲಿಫ್ಟಿನೊಳಗೆ ವಿಷ್ಣುತೀರ್ಥರು ಚಪ್ಪಲಿ ಗೂಡು ಇರಿಸಿಕೊಂಡಿದ್ದಾರೆ. ಸೌಂದರ್ಯಾ ಪಾಸ್‌ವರ್ಡ್ ಕೇಳುವುದನ್ನು ನಿಲ್ಲಿಸಿದ್ದಾಳೆ. ಮಹಾಲಿಂಗಪ್ಪನವರ ಮಂಚದ ಪಕ್ಕ ಸಂಘದ ಕಡತಗಳಿವೆ. ಗಿರಾಕಿಗಳು ಆಗಾಗ ಅಲ್ಲಿಗೇ ಬಂದು ಕೊಡ ತಟ್ಟಿಸಿಕೊಂಡು ಹೋಗುತ್ತಾರೆ. ಊಟವನ್ನು ಶಿವಗಂಗಮ್ಮ ಬಾಲ್ಕನಿಯಿಂದ, ತರಕಾರಿಯವನಿಗೆ ಬಿಡುವ ಹಗ್ಗದ ಬುಟ್ಟಿಯಲ್ಲಿ ಇಳಿಸುತ್ತಾರೆ. ಮುದ್ದೆ ಬಿಸಿಯಾಗಿಯೇ ತಲುಪುತ್ತದೆ. ಗಂಡ ಹೆಂಡತಿ ಮೂರು ಮಹಡಿಯ ಅಂತರದಲ್ಲಿ ಕೂಗಿ ಮಾತಾಡುತ್ತಾರೆ. ಆದ್ದರಿಂದ ಅವರ ಮನೆಯ ವಿಷಯಗಳಲ್ಲಿ ಈಗ ಇಡೀ ಬೀದಿಗೆ ಅಭಿಪ್ರಾಯವಿದೆ.

ಜನವರಿಯ ವಾರ್ಷಿಕ ವರದಿಯಲ್ಲಿ ಆ ಬುಟ್ಟಿಯನ್ನು ಸಂಘವು ಅಧಿಕೃತವಾಗಿ ವಹಿಸಿಕೊಂಡಿತು. ಮೂರನೆಯ ಮಹಡಿಗೆ ಲಿಫ್ಟ್ ಸೇವೆಯನ್ನು ಪುನಃಸ್ಥಾಪಿಸಲಾಗಿದೆ, ಭಾರದ ಮಿತಿ ನಾಲ್ಕು ಕಿಲೋ, ಎಂದು ವರದಿ ಹೇಳುತ್ತದೆ. ಸೇವೆ ಇರುವಾಗ ನಿವಾಸಿಯೊಬ್ಬರನ್ನು ಕಚೇರಿಯಲ್ಲಿ ಇರಿಸಿಕೊಳ್ಳುವುದು ಸರಿಯಲ್ಲವೆಂದು ವಿಷ್ಣುತೀರ್ಥರಿಗೆ ತೋರಿತು. ಅವರು ಕಾಗದ ಹಿಡಿದು, ಸೌಂದರ್ಯಾಳನ್ನು ಕರೆದುಕೊಂಡು ಕೆಳಗೆ ಬಂದರು; ಶಿವಗಂಗಮ್ಮ ಬಾಲ್ಕನಿಗೆ ಬಂದರು.

“ನಿಮ್ಮ ತೂಕ ಎಷ್ಟು ಮಹಾಲಿಂಗಪ್ಪನವರೇ?”

“ಅರವತ್ತೆರಡು. ಬಟ್ಟೆ ಸೇರಿ.”

ಅದೇ ಭಾಷೆಯಲ್ಲಿ ಓರೆಗೀಟು ಎರಡು ಅಂಕಿಗಳ ನಡುವೆ ಒಂಟಿಯಾಗಿ ನಿಂತರೆ ಅದು ಭಾಗಾಕಾರದ ಚಿಹ್ನೆ. ತೂಕ ಮೊದಲೇ ಕಡತದಲ್ಲಿದ್ದುದರಿಂದ ವಿಷ್ಣುತೀರ್ಥರು ಬೆಳಿಗ್ಗೆಯೇ ಸೌಂದರ್ಯಾಳ ಕಂಪ್ಯೂಟರಿನಲ್ಲಿ 62/4 ಎಂದು ಬರೆಸಿ ನೋಡಿದ್ದರು.

“ಬುಟ್ಟಿ ಹದಿನೈದು ಖೇಪು ಏರಬೇಕು,” ಎಂದರು.

ಮಹಾಲಿಂಗಪ್ಪ ಐವತ್ತು ವರ್ಷ ತೂಕದ ಮೇಲೆ ಪಾತ್ರೆ ಮಾರಿದವರು. “ಹದಿನೈದೂವರೆ,” ಎಂದರು. “ಎರಡು ಕಿಲೋ ಮಿಕ್ಕುತ್ತೆ.”

“ಎರಡೂ ಪೂರ್ಣಾಂಕವಾದರೆ ಆ ಭಾಷೆ ಶೇಷವನ್ನು ಕೈಬಿಡುತ್ತದೆ ತಾತಾ,” ಎಂದಳು ಸೌಂದರ್ಯಾ, ನೆಲ ನೋಡುತ್ತ. “ಅದು ಹಾಗೇನೇ.”

“ಉಳಿದ ಎರಡು ಕಿಲೋ ನೆಲಮಹಡಿಯಲ್ಲಿಯೇ ಇರತಕ್ಕದ್ದು,” ಎಂದರು ವಿಷ್ಣುತೀರ್ಥರು. “ಅದಕ್ಕೆ ಸಂಘ ಬಾಡಿಗೆ ಕೇಳುವುದಿಲ್ಲ.”

ಮಹಾಲಿಂಗಪ್ಪ ಕಾಗದವನ್ನು ಕೈಗೆ ತೆಗೆದುಕೊಂಡರು.

“ಯಾವ ಎರಡು ಕಿಲೋ ಅಂತ ನಾನೇ ಆರಿಸಬಹುದಾ?”

“ಲಿಖಿತದಲ್ಲಿ ಕೊಡಿ.”

“ಬುಟ್ಟಿ ತೂಕ ಕಳೆದಿದ್ದೀರಾ?”

“ಅದನ್ನು ಸಂಘ ಭರಿಸುತ್ತದೆ.”

“ಒಳ್ಳೆಯದಾಯ್ತು ಬಿಡ್ರೀ,” ಎಂದು ಶಿವಗಂಗಮ್ಮ ಮೇಲಿನಿಂದ ಕೂಗಿದರು. “ಎಂಟು ತಿಂಗಳಿಗೆ ಒಂದು ದಾರಿ ಅಂತ ಆಯ್ತು. ಸಹಿ ಹಾಕಿ.”

ಅವರು ಸಹಿ ಹಾಕಿದರು. ಮೊದಲ ಖೇಪಿಗೆ ಏನು ಕಳುಹಿಸುವಿರೆಂದು ಕೇಳಲಾಗಿ, ಮಂಚದ ಕೆಳಗಿನಿಂದ ತಮ್ಮ ಚಪ್ಪಲಿಗಳನ್ನು ತೆಗೆಸಿಕೊಟ್ಟರು. ತಮಗೆ ಅವುಗಳ ಅಗತ್ಯವಿಲ್ಲ, ಮನೆಯಲ್ಲಾದರೂ ಇರಲಿ ಎಂದರು. ಬುಟ್ಟಿ ಮೇಲೇರುವಾಗ ಮೊದಲನೆಯ, ಎರಡನೆಯ ಮಹಡಿಯವರು ಬಾಲ್ಕನಿಗಳಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಹಗ್ಗ ತಿರುಚಿಕೊಳ್ಳದಂತೆ ಭೀಮಾಬಾಯಿ ಕೈ ಚಾಚಿ ಸರಿಪಡಿಸಿದರು.

ಶಿವಗಂಗಮ್ಮ ಚಪ್ಪಲಿಗಳನ್ನು ಬಾಗಿಲ ಬಳಿ ಜೋಡಿಸಿಟ್ಟರು. ಅನಂತರ ಸಂಘದ ನಮೂನೆಯಲ್ಲಿ, “ಪತಿ, ಹದಿನೈದರಲ್ಲಿ ಒಂದು ಭಾಗ, ಸುಸ್ಥಿತಿಯಲ್ಲಿ ತಲುಪಿದೆ,” ಎಂದು ಬರೆದು, ಸಹಿ ಮಾಡಿ, ಬುಟ್ಟಿಯಲ್ಲಿ ಕೆಳಗಿಳಿಸಿದರು.